ಪಿಯುಸಿಯಲ್ಲಿ 97, ಸಿಇಟಿಯಲ್ಲಿ 45: ಸೀಟಿನ ಲೆಕ್ಕ ನಡೆಯುವುದು ಹೇಗೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಮನೆಯಲ್ಲಿ ಸಿಹಿ ಹಂಚಿದ್ದಾಯಿತು. 600ಕ್ಕೆ 582. ನೆಂಟರಿಗೆಲ್ಲ ಫೋನ್ ಹೋಯಿತು. "ಇನ್ನೇನು ಬಿಡಿ, ಒಳ್ಳೆ ಎಂಜಿನಿಯರಿಂಗ್ ಕಾಲೇಜು ಗ್ಯಾರಂಟಿ" ಅಂತ ಎಲ್ಲರೂ ಹೇಳಿದರು. ಕೆಲವು ವಾರ ಕಳೆದು ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಬಂತು. ಐದಂಕಿಯ ರ‍್ಯಾಂಕ್, ಅದೂ ಮೊದಲ ಅಂಕಿ ಸಣ್ಣದೇನಲ್ಲ. ಅಪ್ಪ ಫೋನನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ಕೇಳಿದರು: "ಪಿಯುಸಿಗೆ ಅರ್ಧ ತೂಕ ಅಂತಾರಲ್ಲ, ಹಾಗಾದ್ರೆ ನಮ್ಮ 97 ಎಲ್ಲಿ ಹೋಯ್ತು?"

ಪ್ರತಿ ವರ್ಷ ಸಾವಿರಾರು ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. 97 ಎಲ್ಲೂ ಹೋಗಿಲ್ಲ, ಲೆಕ್ಕದೊಳಗೇ ಇದೆ. ಆದರೆ ಆ ಲೆಕ್ಕ ಕೆಲಸ ಮಾಡುವ ರೀತಿ ನಾವು ಅಂದುಕೊಂಡಂತಿಲ್ಲ.

ಮೊದಲು ಲೆಕ್ಕ ನೋಡೋಣ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಎರಡು ಸಂಖ್ಯೆ ನೋಡುತ್ತದೆ. ಒಂದು, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಒಟ್ಟು ಅಂಕ, 300ಕ್ಕೆ. ಇನ್ನೊಂದು, ಅದೇ ಮೂರು ವಿಷಯಗಳ ಸಿಇಟಿ ಅಂಕ, 180ಕ್ಕೆ. ಎರಡನ್ನೂ ನೂರಕ್ಕೆ ಇಳಿಸಿ, ಕೂಡಿಸಿ, ಎರಡರಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯ ಪ್ರಕಾರ ಎಲ್ಲರನ್ನೂ ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸಿದರೆ ಅದೇ ರ‍್ಯಾಂಕ್.

ಮೊದಲ ಎಡವಟ್ಟು ಇಲ್ಲೇ ಆಗುವುದು. ನೆಂಟರಿಗೆ ಹೇಳಿದ 97 ಪರ್ಸೆಂಟ್ ಆರೂ ವಿಷಯ ಸೇರಿದ್ದು. ಕನ್ನಡದ 99, ಇಂಗ್ಲಿಷಿನ 96, ಕಂಪ್ಯೂಟರ್ ಸೈನ್ಸಿನ 99 ಎಲ್ಲವೂ ಅದರಲ್ಲಿವೆ. ರ‍್ಯಾಂಕಿಗೆ ಅವು ಲೆಕ್ಕಕ್ಕಿಲ್ಲ. ನಮ್ಮ ಹುಡುಗಿಗೆ ಆ ಮೂರು ವಿಷಯಗಳಲ್ಲಿ ಬಂದಿದ್ದು 300ಕ್ಕೆ 288, ಅಂದರೆ 96.

ಅವಳನ್ನು ಮೊದಲ ಬೆಂಚಿನ ಹುಡುಗಿ ಅಂತ ಕರೆಯೋಣ. ಸಿಇಟಿಯಲ್ಲಿ ಅವಳಿಗೆ 180ಕ್ಕೆ 81, ಅಂದರೆ 45 ಪರ್ಸೆಂಟ್. 96 ಮತ್ತು 45ರ ಸರಾಸರಿ 70.5.

ಅದೇ ತರಗತಿಯಲ್ಲಿ ಕೊನೆ ಬೆಂಚಿನ ಹುಡುಗ ಒಬ್ಬನಿದ್ದಾನೆ ಅಂದುಕೊಳ್ಳಿ. ಅವನಿಗೆ ಪಿಯುಸಿಯ ಮೂರು ವಿಷಯಗಳಲ್ಲಿ 249, ಅಂದರೆ 83 ಪರ್ಸೆಂಟ್. ಅವರ ಮನೆಯಲ್ಲಿ ಯಾರೂ ಸಿಹಿ ಹಂಚಿರಲಿಲ್ಲ. ಆದರೆ ಸಿಇಟಿಯಲ್ಲಿ 108, ಅಂದರೆ 60 ಪರ್ಸೆಂಟ್. ಸರಾಸರಿ 71.5. ಅವನೇ ಮುಂದೆ.

ಕೆಇಎ ರ‍್ಯಾಂಕ್ ಪಟ್ಟಿಯಲ್ಲಿ ಆ ಒಂದು ಅಂಕದ ನಡುವೆ ಎಷ್ಟೋ ಜನ ನಿಂತಿರುತ್ತಾರೆ. ಈಚಿನ ವರ್ಷಗಳಲ್ಲಿ ಎಂಜಿನಿಯರಿಂಗಿಗೆ ರ‍್ಯಾಂಕ್ ಪಡೆದವರ ಸಂಖ್ಯೆ ಎರಡೂವರೆ ಲಕ್ಷ ದಾಟಿದೆ. ತೀರಾ ಮೇಲೆ ಮತ್ತು ತೀರಾ ಕೆಳಗೆ ಜನ ಕಡಿಮೆ. ಮಧ್ಯದಲ್ಲಿ ಜಾತ್ರೆ. ಅಲ್ಲಿ ಅರ್ಧ ಅಂಕ ಜಾರಿದರೂ ನೂರಾರು ಜನ ಮುಂದೆ ಹೋಗಿಬಿಡುತ್ತಾರೆ.

ಅರ್ಧ ಅಂದರೆ ನಿಜಕ್ಕೂ ಅರ್ಧನಾ?

ಕಾಗದದ ಮೇಲೆ ಹೌದು. ರ‍್ಯಾಂಕಿನ ಮೇಲೆ ಅಲ್ಲ.

ಒಂದು ಅಡುಗೆ ಸ್ಪರ್ಧೆ ನೆನೆಸಿಕೊಳ್ಳಿ. ಅನ್ನಕ್ಕೆ ಅರ್ಧ ಅಂಕ, ಸಾರಿಗೆ ಅರ್ಧ ಅಂಕ. ಬಂದವರೆಲ್ಲ ಅನ್ನ ಚೆನ್ನಾಗಿಯೇ ಮಾಡಿದ್ದಾರೆ, ಎಲ್ಲರಿಗೂ ಹತ್ತಕ್ಕೆ ಒಂಬತ್ತರ ಆಸುಪಾಸು. ಸಾರು ಮಾತ್ರ ಒಬ್ಬರದು ಘಮಘಮ, ಇನ್ನೊಬ್ಬರದು ನೀರು ನೀರು, ಮತ್ತೊಬ್ಬರು ಉಪ್ಪು ಸುರಿದಿದ್ದಾರೆ. ಗೆದ್ದವರು ಯಾರು ಅಂತ ತೀರ್ಮಾನ ಆಗುವುದು ಸಾರಿನಿಂದ. ಅನ್ನದ ತೂಕ ಅರ್ಧ ಇದ್ದರೂ ಅದು ಯಾರನ್ನೂ ಯಾರಿಂದಲೂ ಬೇರೆ ಮಾಡಲಿಲ್ಲ, ಅಲ್ವಾ?

ಪಿಯುಸಿ ಅಂಕ ಇಲ್ಲಿ ಅನ್ನ. ಒಳ್ಳೆ ಕಾಲೇಜಿನ ಸೀಟಿಗೆ ಪೈಪೋಟಿ ಮಾಡುವವರನ್ನಷ್ಟೇ ನೋಡಿದರೆ ಅವರ ಪಿಯುಸಿ ಅಂಕಗಳು ಮೇಲ್ಗಡೆ ಒತ್ತೊತ್ತಾಗಿ ಕೂತಿರುತ್ತವೆ. ಒಂದು ಗುಂಪಿನಲ್ಲಿ ಎಲ್ಲರಿಗೂ 90ರಿಂದ 98ರ ನಡುವೆ ಬಂದಿದೆ ಅಂತಿಟ್ಟುಕೊಳ್ಳಿ. ಮೊದಲಿನವರಿಗೂ ಕೊನೆಯವರಿಗೂ 8 ಅಂಕದ ದೂರ. ಅದರ ಅರ್ಧ, ಅಂದರೆ 4 ಮಾತ್ರ ಅಂತಿಮ ಲೆಕ್ಕಕ್ಕೆ ಬರುತ್ತದೆ. ಅದೇ ಗುಂಪಿನ ಸಿಇಟಿ ಅಂಕ 35ರಿಂದ 85ರವರೆಗೆ ಹರಡಿದ್ದರೆ ದೂರ 50, ಅದರ ಅರ್ಧ 25. ನಾಲ್ಕು ಅಂಕದ ಆಟ ಒಂದು ಕಡೆ, ಇಪ್ಪತ್ತೈದು ಅಂಕದ ಆಟ ಇನ್ನೊಂದು ಕಡೆ. ಯಾವುದು ರ‍್ಯಾಂಕನ್ನು ಎಳೆಯುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇದರಲ್ಲಿ ಇನ್ನೊಂದು ಸಣ್ಣ ಲೆಕ್ಕ ಅಡಗಿದೆ. ಪಿಯುಸಿಯ 300 ಅಂಕ ಸೇರಿ 50 ಆಗುತ್ತದೆ. ಸಿಇಟಿಯ 180 ಅಂಕ ಸೇರಿಯೂ 50 ಆಗುತ್ತದೆ. ಹಾಗಾಗಿ ಸಿಇಟಿಯ 3 ಪ್ರಶ್ನೆ ಪಿಯುಸಿಯ 5 ಅಂಕಕ್ಕೆ ಸಮ. ಮೊದಲ ಬೆಂಚಿನ ಹುಡುಗಿ ಪಿಯುಸಿಯಲ್ಲಿ 39 ಅಂಕ ಮುಂದಿದ್ದಳು. ಹುಡುಗ ಸಿಇಟಿಯಲ್ಲಿ 27 ಪ್ರಶ್ನೆ ಮುಂದಿದ್ದ. 27 ಪ್ರಶ್ನೆ ಅಂದರೆ ಪಿಯುಸಿಯ 45 ಅಂಕ. ಅವನು ಗೆದ್ದಿದ್ದು ಹೀಗೆ.

81 ಅಂಕದ ಒಳಗೆ ಏನಿದೆ?

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ತಪ್ಪಾದರೆ ಅಂಕ ಕಳೆಯುವುದಿಲ್ಲ. ಈ ಕೊನೆಯ ನಿಯಮದಿಂದ ಒಂದು ವಿಚಿತ್ರ ಆಗುತ್ತದೆ. ಪುಸ್ತಕವನ್ನೇ ತೆರೆಯದವರು ಕಣ್ಣು ಮುಚ್ಚಿ ಎಲ್ಲ 180ಕ್ಕೂ ಗುರುತು ಹಾಕಿದರೂ, ನಾಲ್ಕರಲ್ಲಿ ಒಂದು ತಾನಾಗಿಯೇ ಸರಿ ಬಿದ್ದು ಸುಮಾರು 45 ಅಂಕ ಬಂದುಬಿಡುತ್ತದೆ.

ಹಾಗಾದರೆ 81ರಲ್ಲಿ ನಿಜವಾಗಿ ಗೊತ್ತಿದ್ದದ್ದು ಎಷ್ಟು? ಹುಡುಗಿಗೆ 48 ಪ್ರಶ್ನೆಗೆ ಉತ್ತರ ಖಚಿತವಾಗಿ ಗೊತ್ತಿತ್ತು ಅಂದುಕೊಳ್ಳಿ. ಉಳಿದ 132ಕ್ಕೆ ಸುಮ್ನೆ ಗುರುತು ಹಾಕಿದಳು. ಅದರಲ್ಲಿ ನಾಲ್ಕನೇ ಒಂದು ಭಾಗ, ಅಂದರೆ 33 ಸರಿ ಬಿತ್ತು. 48 ಮತ್ತು 33 ಸೇರಿದರೆ 81. ಇದೇ ರೀತಿ ಲೆಕ್ಕ ಹಾಕಿದರೆ 108 ತೆಗೆದ ಹುಡುಗನಿಗೆ ಗೊತ್ತಿದ್ದದ್ದು 84. ಅಂಕಪಟ್ಟಿಯಲ್ಲಿ ಕಾಣುವ ಅಂತರ 27, ಒಳಗಿರುವ ಅಂತರ 36. ನಿಜ ಜೀವನದಲ್ಲಿ ಯಾರೂ ಇಷ್ಟು ಸಪಾಟಾಗಿ ಊಹಿಸುವುದಿಲ್ಲ, ಎರಡು ಆಯ್ಕೆ ತೆಗೆದುಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸುತ್ತಾರೆ. ಆದರೂ ಸಿಇಟಿಯ "ಸಾಧಾರಣ ಅಂಕ"ದಲ್ಲಿ ಅದೃಷ್ಟದ ಪಾಲು ಎಷ್ಟಿರಬಹುದು ಅಂತ ಅಂದಾಜು ಸಿಗುತ್ತದೆ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ ಅಂತ ಮೇಷ್ಟ್ರು ಬಾಯಿ ಬಡಿದುಕೊಳ್ಳುವುದೂ ಇದಕ್ಕೇ.

ಅದೇ ಪಾಠ, ಅದೇ ಹುಡುಗಿ, ಎರಡು ಥರದ ಅಂಕ ಯಾಕೆ?

"ಕಷ್ಟಪಟ್ಟು ಓದಿದ್ದಾಳೆ, ಆದ್ರೆ ಸಿಇಟಿ ದಿನ ಗಾಬರಿ ಆಯ್ತು" ಅಂತ ಹೇಳುವುದು ರೂಢಿ. ಗಾಬರಿ ಇರಬಹುದು. ಆದರೆ ಬಹಳ ಸಲ ಕಾರಣ ಅದಕ್ಕಿಂತ ಸರಳ.

ದೊಡ್ಡ ಕಾರಣ ಪ್ರಥಮ ಪಿಯುಸಿ. ಬೋರ್ಡ್ ಪರೀಕ್ಷೆಯಲ್ಲಿ ಕೇಳುವುದು ಎರಡನೇ ವರ್ಷದ ಪಾಠ ಮಾತ್ರ. ಸಿಇಟಿಯಲ್ಲಿ ಎರಡೂ ವರ್ಷದ್ದು ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಖುಷಿಯಲ್ಲಿ ಪ್ರಥಮ ಪಿಯುಸಿಯನ್ನು ಪಾಸಾದರೆ ಸಾಕು ಅಂತ ದಾಟಿದವರು, ದ್ವಿತೀಯ ಪಿಯುಸಿಯಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ಸಿಇಟಿ ಪತ್ರಿಕೆಯ ಒಂದು ದೊಡ್ಡ ಭಾಗದ ಎದುರು ಬರಿಗೈಲಿ ಕೂರುತ್ತಾರೆ.

ಇನ್ನೊಂದು, ಅಂಕ ಕೊಡುವ ರೀತಿ. ಬೋರ್ಡ್ ಪರೀಕ್ಷೆಯಲ್ಲಿ ಐದು ಅಂಕದ ಲೆಕ್ಕದ ಕೊನೆ ಸಾಲು ತಪ್ಪಾದರೂ ಸೂತ್ರಕ್ಕೆ, ಹಂತಕ್ಕೆ, ಚಿತ್ರಕ್ಕೆ ಅಂತ ಅಂಕ ಸಿಗುತ್ತದೆ. ಸಿಇಟಿಗೆ ನಿಮ್ಮ ಹಂತ ಬೇಡ. ಉತ್ತರ ಸರಿಯಾ, ತಪ್ಪಾ, ಅಷ್ಟೇ. ಅದೂ ಒಂದು ಪ್ರಶ್ನೆಗೆ 80 ಸೆಕೆಂಡಿನಲ್ಲಿ. ನೀಟಾಗಿ ಬರೆಯುವ ಅಭ್ಯಾಸ ಇರುವವರಿಗೆ ಆ 80 ಸೆಕೆಂಡು ಪ್ರಶ್ನೆ ಓದುವುದರಲ್ಲೇ ಮುಗಿದುಹೋಗುತ್ತದೆ.

ಪಿಯುಸಿಯ 300ರಲ್ಲಿ ಎಲ್ಲವೂ ಬರವಣಿಗೆ ಪರೀಕ್ಷೆಯಿಂದ ಬಂದದ್ದಲ್ಲ ಅನ್ನುವುದೂ ಗಮನದಲ್ಲಿರಲಿ. ಭೌತಶಾಸ್ತ್ರಕ್ಕೆ 30, ರಸಾಯನಶಾಸ್ತ್ರಕ್ಕೆ 30 ಪ್ರಾಯೋಗಿಕ ಅಂಕ. 2023-24ರಿಂದ ಗಣಿತಕ್ಕೂ 20 ಆಂತರಿಕ ಅಂಕ ಬಂದಿದೆ. ಒಟ್ಟು 80. ಈ 80ರಲ್ಲಿ ಹೆಚ್ಚಿನವರಿಗೆ ಪೂರ್ತಿ ಅಥವಾ ಪೂರ್ತಿಗೆ ಹತ್ತಿರ ಸಿಗುತ್ತದೆ. ಅನ್ನ ಎಲ್ಲರದೂ ಒಂದೇ ಥರ ಬೇಯಲು ಇದೂ ಒಂದು ಕಾರಣ.

ಸೂತ್ರವನ್ನು ಅಲುಗಾಡಿಸಿದರೆ ಏನಾಗುತ್ತದೆ?

ಈ 50:50 ಏನೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅದನ್ನು ಸ್ವಲ್ಪ ಸರಿಸಿದಾಗ ಎಷ್ಟು ಗಲಾಟೆ ಆಗುತ್ತದೆ ಅಂತ ಕರ್ನಾಟಕ ಕಣ್ಣಾರೆ ಕಂಡಿದೆ.

2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಹಿಂದಿನ ತರಗತಿಗಳ ಅಂಕ ಆಧರಿಸಿ ಎಲ್ಲರನ್ನೂ ಪಾಸು ಮಾಡಿದರು. ಆ ವರ್ಷ ಸಿಇಟಿ ಅಂಕವೊಂದರಿಂದಲೇ ರ‍್ಯಾಂಕ್ ಕೊಟ್ಟರು. ಅಲ್ಲಿಯವರೆಗೆ ಸರಿ. ಆದರೆ 2022ರಲ್ಲಿ ಅದೇ ಬ್ಯಾಚಿನ ಸುಮಾರು 24 ಸಾವಿರ ಮಂದಿ ಮತ್ತೆ ಸಿಇಟಿ ಬರೆದರು. ಪರೀಕ್ಷೆ ಇಲ್ಲದೆ ಬಂದ ಅವರ ಪಿಯುಸಿ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಕೆಇಎ ಹೇಳಿತು. ಅವರು ಹೈಕೋರ್ಟಿಗೆ ಹೋದರು, ಸೆಪ್ಟೆಂಬರ್‌ನಲ್ಲಿ ಗೆದ್ದರು. ಆಗ ಹೊಸಬರಿಗೆ ಚಿಂತೆ ಶುರುವಾಯಿತು: ಪರೀಕ್ಷೆ ಬರೆದ ನಮಗಿಂತ ಬರೆಯದವರ ಅಂಕವೇ ಜಾಸ್ತಿ ಇದೆಯಲ್ಲ! ಕೊನೆಗೆ ಮೇಲ್ಮನವಿಯ ಹಂತದಲ್ಲಿ ಒಂದು ನಡುದಾರಿ ಸಿಕ್ಕಿತು. ರಿಪೀಟರ್‌ಗಳ ಪಿಯುಸಿ ಅಂಕದಲ್ಲಿ ಸರಾಸರಿ ನೂರಕ್ಕೆ 6ರಷ್ಟು ಕಡಿತ ಮಾಡಿ, ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಮಾಡಿದರು. ನೋಡಲು ಚಿಕ್ಕದಾದ ಆ 6ಕ್ಕಾಗಿ ಇಡೀ ರಾಜ್ಯದ ಎಂಜಿನಿಯರಿಂಗ್ ಪ್ರವೇಶ ವಾರಗಟ್ಟಲೆ ತಡವಾಯಿತು.

ಬೇರೆ ಕಡೆಯೂ ಇದೇ ಕಥೆ, ಬೇರೆ ಬೇರೆ ತೀರ್ಮಾನ. ತಮಿಳುನಾಡು 2006ರ ಕಾಯ್ದೆಯಿಂದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟಿತು. ಅಲ್ಲಿ ಹನ್ನೆರಡನೇ ತರಗತಿಯ ಅಂಕವೇ ಎಲ್ಲ. ನಮ್ಮ ಮೊದಲ ಬೆಂಚಿನ ಹುಡುಗಿ ಅಲ್ಲಿದ್ದಿದ್ದರೆ ಹುಡುಗನಿಗಿಂತ ಎಷ್ಟೋ ಮುಂದೆ ಇರುತ್ತಿದ್ದಳು. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಿಗೆ ದಾರಿಯಾದ ಜೆಇಇ ಮೇನ್ ಪರೀಕ್ಷೆ 2013ರಿಂದ 2016ರವರೆಗೆ ಬೋರ್ಡ್ ಅಂಕಕ್ಕೆ 40ರಷ್ಟು ತೂಕ ಕೊಟ್ಟಿತ್ತು, 2017ರಿಂದ ತೆಗೆದುಹಾಕಿತು. ಕೇರಳದಲ್ಲಿ ಬೇರೆ ಬೇರೆ ಬೋರ್ಡಿನ ಅಂಕಗಳನ್ನು ಸಮ ಮಾಡುವ ಸೂತ್ರವನ್ನು 2025ರಲ್ಲಿ ಕೊನೆ ಗಳಿಗೆಯಲ್ಲಿ ಬದಲಿಸಿದರು. ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ಆ ಪಟ್ಟಿಯನ್ನು ರದ್ದು ಮಾಡಿತು, ಹಳೆ ಸೂತ್ರದಲ್ಲಿ ಹೊಸ ಪಟ್ಟಿ ಬಂತು.

ಪಿಯುಸಿ ಅಂಕ ಎಲ್ಲೆಲ್ಲಿ ಕೈ ಹಿಡಿಯುತ್ತದೆ?

ವೈದ್ಯಕೀಯಕ್ಕೆ ಹಿಡಿಯುವುದಿಲ್ಲ. ಅಲ್ಲಿ ನೀಟ್ ಅಂಕ ಒಂದೇ. ಪಿಯುಸಿ ಅಂಕ ಅರ್ಹತೆಗೆ ಮಾತ್ರ. ಬಾಗಿಲು ದಾಟಿದ ಮೇಲೆ 60 ಬಂದಿದ್ದರೂ ಒಂದೇ, 99 ಬಂದಿದ್ದರೂ ಒಂದೇ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್-ಕೆ ಕೂಡ ಹಾಗೆಯೇ: ರ‍್ಯಾಂಕ್ ಅದರ ಪರೀಕ್ಷೆಯಿಂದ ಮಾತ್ರ. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್, ಧಾರವಾಡದ ಐಐಟಿಗೆ ಜೆಇಇ ಅಡ್ವಾನ್ಸ್ಡ್. ಎಲ್ಲ ಕಡೆಯೂ ಬೋರ್ಡ್ ಅಂಕ ಕಾವಲುಗಾರ ಇದ್ದಂತೆ, ಒಳಗೆ ಬಿಡುವುದಷ್ಟೇ ಅವನ ಕೆಲಸ.

ಹೀಗೆ ನೋಡಿದರೆ ಪಿಯುಸಿ ಚೆನ್ನಾಗಿದ್ದು ಪ್ರವೇಶ ಪರೀಕ್ಷೆ ಸಾಧಾರಣ ಇರುವವರಿಗೆ ಇದ್ದುದರಲ್ಲಿ ಒಳ್ಳೆಯ ದಾರಿ ಕೆಇಎಯ ಎಂಜಿನಿಯರಿಂಗ್ ಸೀಟೇ. ಅರ್ಧ ತೂಕ ಪೂರ್ತಿ ಅರ್ಧದಂತೆ ಕೆಲಸ ಮಾಡದಿದ್ದರೂ, ಸೊನ್ನೆಗಿಂತ ಮೇಲು ತಾನೇ. ಸಿಇಟಿಯಲ್ಲಿ ಅದೇ 81 ತೆಗೆದು ಪಿಯುಸಿಯಲ್ಲಿ 70 ಪರ್ಸೆಂಟ್ ಬಂದವರ ಸರಾಸರಿ 57.5. ನಮ್ಮ ಹುಡುಗಿ ಅವರಿಗಿಂತ 13 ಅಂಕ ಮೇಲಿದ್ದಾಳೆ. 97 ಹೋಗಿ ಕೂತಿರುವುದು ಅಲ್ಲಿ.

ಮತ್ತೆ ಪಿಯುಸಿ ಬರೆದರೆ?

2024ರಿಂದ ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ಅವಕಾಶ ಬಂದಿದೆ. ಎರಡನೇ ಸಲದ ಅಂಕ ಸಿಇಟಿಯ ಯಾವ ಹಂತಕ್ಕೆ ಲೆಕ್ಕವಾಗುತ್ತದೆ ಅನ್ನುವುದನ್ನು ಆಯಾ ವರ್ಷದ ಕೆಇಎ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಇದರ ಲಾಭ ಯಾರಿಗೆ? 288 ಇರುವ ಹುಡುಗಿ ಮತ್ತೆ ಬರೆದು 300ಕ್ಕೆ 300 ತೆಗೆದರೂ ಸಿಗುವುದು 12 ಅಂಕ. ಸಿಇಟಿಯ ಏಳು ಪ್ರಶ್ನೆಗೆ ಸಮ. 249 ಇರುವ ಹುಡುಗನಿಗೆ ಇನ್ನೂ 51 ಅಂಕದ ಜಾಗ ಇದೆ, ಅಂದರೆ ಸಿಇಟಿಯ 30 ಪ್ರಶ್ನೆಗಿಂತ ಜಾಸ್ತಿ. ತಮಾಷೆ ಅಂದರೆ ಮತ್ತೆ ಬರೆಯಲು ಓಡುವವರು ಹೆಚ್ಚಾಗಿ ಮೊದಲ ಬೆಂಚಿನವರೇ.

ರ‍್ಯಾಂಕನ್ನು ಸೀಟಾಗಿ ಓದುವುದು

ರ‍್ಯಾಂಕ್ ಒಂದೇ ಆದರೂ ಸೀಟಿನ ಸಾಲುಗಳು ಹಲವು. ಜನರಲ್ ಮೆರಿಟ್, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ. ಅದರೊಳಗೆ ಮತ್ತೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಪ್ರತ್ಯೇಕ ಸೀಟು. ಕಟಾಫ್ ಪಟ್ಟಿಯಲ್ಲಿ 2ಎಜಿ, 2ಎಆರ್, 2ಎಕೆ ಅಂತ ಕಾಣುವುದು ಇದೇ: ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಪಕ್ಕದ ಮನೆಯವರಿಗೆ ಅದೇ ರ‍್ಯಾಂಕಿಗೆ ಎಂಥ ಸೀಟು ಸಿಕ್ಕಿತು ಅನ್ನುವುದರಿಂದ ನಿಮ್ಮ ಸೀಟು ಗೊತ್ತಾಗದಿರುವುದು ಇದರಿಂದಲೇ.

ಕಟಾಫ್ ಅಂದರೆ ಒಂದು ಕಾಲೇಜಿನ ಒಂದು ಬ್ರಾಂಚಿನಲ್ಲಿ, ಒಂದು ಪ್ರವರ್ಗದಲ್ಲಿ ಕೊನೆಯ ಸೀಟು ಸಿಕ್ಕವರ ರ‍್ಯಾಂಕ್. ಕಳೆದ ವರ್ಷಗಳ ಪಟ್ಟಿಯನ್ನು ಕೆಇಎ ವೆಬ್‌ಸೈಟಿನಲ್ಲಿ ಹಾಕುತ್ತದೆ. ಹೋಲಿಸುವಾಗ ಅಂಕ ನೋಡಬೇಡಿ, ರ‍್ಯಾಂಕ್ ನೋಡಿ. ಪ್ರಶ್ನೆಪತ್ರಿಕೆ ಒಂದು ವರ್ಷ ಸುಲಭ, ಒಂದು ವರ್ಷ ಕಷ್ಟ. 2024ರಲ್ಲಂತೂ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು, ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಆ ವರ್ಷದ ಅಂಕವನ್ನು ಈ ವರ್ಷದ ಅಂಕದ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಯಾವ ಸುತ್ತಿನ ಕಟಾಫ್ ಅನ್ನುವುದನ್ನೂ ನೋಡಿ. ಮೊದಲ ಸುತ್ತಿಗಿಂತ ಕೊನೆಯ ಸುತ್ತಿನಲ್ಲಿ ಅದು ಸಾಮಾನ್ಯವಾಗಿ ಕೆಳಗೆ ಇಳಿದಿರುತ್ತದೆ, ಅಂದರೆ ಇನ್ನೂ ದೊಡ್ಡ ಸಂಖ್ಯೆಯ ರ‍್ಯಾಂಕಿಗೂ ಸೀಟು ಸಿಕ್ಕಿರುತ್ತದೆ.

ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸಿಗೂ ಸಿವಿಲ್‌ಗೂ ಕಟಾಫ್ ಆಕಾಶ ಭೂಮಿ. ಐದಂಕಿ ರ‍್ಯಾಂಕಿನವರ ಎದುರಿರುವ ನಿಜವಾದ ಪ್ರಶ್ನೆ "ಸೀಟು ಸಿಗುತ್ತಾ" ಅನ್ನುವುದಲ್ಲ, "ಹೆಸರಾದ ಕಾಲೇಜಾ, ಬೇಕಾದ ಬ್ರಾಂಚಾ" ಅನ್ನುವುದು.

ಆಪ್ಷನ್ ಎಂಟ್ರಿ: ಕೈಯಲ್ಲಿರುವುದು ಇದೊಂದೇ

ಅಂಕ ಬಂದಾಗಿದೆ, ರ‍್ಯಾಂಕ್ ಬಂದಾಗಿದೆ. ಇನ್ನು ವಿದ್ಯಾರ್ಥಿಯ ಕೈಯಲ್ಲಿ ಉಳಿದಿರುವುದು ಕಾಲೇಜು, ಬ್ರಾಂಚುಗಳ ಪಟ್ಟಿ ಮಾಡುವ ಕೆಲಸ. ಇಲ್ಲಿ ಆಗುವ ತಪ್ಪಿಗೆ ಅಂಕದ ಮೇಲೆ ದೂರು ಹಾಕುವಂತಿಲ್ಲ.

ಕಂಪ್ಯೂಟರ್ ಮಾಡುವುದು ಇಷ್ಟೇ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ. ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲನೆಯದು ಖಾಲಿ ಇದೆಯಾ? ಇಲ್ಲ. ಎರಡನೆಯದು? ಇಲ್ಲ. ಮೂರನೆಯದು? ಇದೆ, ಕೊಟ್ಟಾಯಿತು. ನಾಲ್ಕನೆಯದನ್ನು ಅದು ತಿರುಗಿಯೂ ನೋಡುವುದಿಲ್ಲ.

ಹಾಗಾಗಿ "ಇದು ಸಿಗೋದಿಲ್ಲ, ಸುಮ್ನೆ ಯಾಕೆ" ಅಂತ ಆಸೆಯ ಕಾಲೇಜನ್ನು ಬಿಟ್ಟು, ಖಂಡಿತ ಸಿಗುವುದನ್ನು ಮೊದಲು ಬರೆದರೆ ಅದೇ ಸಿಗುತ್ತದೆ. ಮೇಲೆ ಆಸೆಯದನ್ನು ಬರೆದಿದ್ದಕ್ಕೆ ಕೆಳಗಿನದರ ಅವಕಾಶ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಪಟ್ಟಿ ಉದ್ದ ಇರಲಿ, ಕ್ರಮ ನಿಮ್ಮ ಇಷ್ಟದ ಪ್ರಕಾರವೇ ಇರಲಿ. ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಬಂದ ಮೇಲೆ ತಿದ್ದಲು ಸಮಯ ಕೊಡುತ್ತಾರೆ. ಅದರಲ್ಲಿ ಏನೂ ಸಿಗದಿದ್ದರೆ ಗಾಬರಿಯಾಗಿ ಪಟ್ಟಿಯನ್ನು ತಲೆಕೆಳಗು ಮಾಡಬೇಡಿ, ಕೆಳಗಡೆ ಇನ್ನಷ್ಟು ಸೇರಿಸಿ.

ನಿಜವಾದ ಹಂಚಿಕೆ ಆದ ಮೇಲೆ ನಾಲ್ಕು ದಾರಿ. ಚಾಯ್ಸ್ 1 ಅಂದರೆ ಸಿಕ್ಕಿದ್ದು ಒಪ್ಪಿಗೆ, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ನನಗಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಚಾಯ್ಸ್ 4 ಅಂದರೆ ನಾನು ಹೊರಗೆ. ಮಧ್ಯದ ರ‍್ಯಾಂಕಿನವರು ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸವನ್ನು ಎರಡೆರಡು ಸಲ ಓದಬೇಕು. ಎರಡರಲ್ಲಿ ಮೇಲಿನದು ಸಿಗದಿದ್ದರೆ ಹಳೆಯದು ಉಳಿಯುತ್ತದೆ. ಮೂರರಲ್ಲಿ ಕೈಯಲ್ಲಿದ್ದದ್ದೂ ಹೋಗಿರುತ್ತದೆ.

ನಮ್ಮ ಹುಡುಗಿಯ ಪಟ್ಟಿಯಲ್ಲಿ ಮೊದಲ ಹದಿನೈದು ಸಾಲು ಅಪ್ಪ ಸಿಗಲ್ಲ ಅಂದವು. ಹದಿನಾರರಿಂದ ಮೂವತ್ತೈದು, ಕಳೆದ ವರ್ಷದ ಕಟಾಫ್ ಅವಳ ರ‍್ಯಾಂಕಿನ ಆಚೀಚೆ ಇದ್ದಂಥವು. ಅದರ ಕೆಳಗೆ ಊರಿಗೆ ಹತ್ತಿರದವು. ಮೊದಲ ಸುತ್ತಿನಲ್ಲಿ ಇಪ್ಪತ್ತೆರಡನೆಯದು ಸಿಕ್ಕಿತು. ಅಪ್ಪ ಚಾಯ್ಸ್ 1 ಒತ್ತು ಅಂದರು. ಅವಳು 2 ಒತ್ತಿದಳು.